ಪೂಜೆ ಮಾಡಿಸಿಕೊಂಡ ಕಾರು

ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಲಾಟಿನಲ್ಲಿ ಭಾನುವಾರದ ಬೆಳಗಿನ ಬಿಸಿಲು ಹದವಾಗಿ ಬಿದ್ದಿತ್ತು. ಪ್ರತಿಭಾ ಕಾರಿನ ಮೂತಿಯ ಮೇಲೆ ಮೂರು ಬೆರಳಿನ ವಿಭೂತಿ ಎಳೆದು, ನಡುವೆ ಕುಂಕುಮವಿಟ್ಟು, ಒಂದು ಹೆಜ್ಜೆ ಹಿಂದೆ ಸರಿದು ನೋಡಿದಳು. ಧಾರವಾಡದಲ್ಲಾಗಿದ್ದರೆ ಖಂಡೇಪೂಜೆಯ ದಿನ ಇಡೀ ಓಣಿಯೇ ಸ್ಕೂಟರು, ಸೈಕಲ್ಲುಗಳಿಗೆ ಹೂವು ಮುಡಿಸಿ ನಿಂತಿರುತ್ತಿತ್ತು. ಸಮುದ್ರದಾಚೆಯ ಈ ರೆಸ್ಟನ್ ಊರಿನಲ್ಲಿ ಆ ಸಂಭ್ರಮವೆಲ್ಲ ಅವಳೊಬ್ಬಳ ಪಾಲಿಗೆ ಬಂದಿತ್ತು. ಹೂವಿನ ಅಂಗಡಿ ಹುಡುಕಿ ಸೋತ ಮೇಲೆ ದಿನಸಿ ಅಂಗಡಿಯ ಬಾಗಿಲಲ್ಲಿ ಮಾರುತ್ತಿದ್ದ ಸೇವಂತಿಗೆಯ ಕುಂಡವನ್ನೇ ಕೊಂಡು, ಹೂಗಳನ್ನೆಲ್ಲ ಕತ್ತರಿಸಿ, ಬಟ್ಟೆ ಹೊಲಿಯುವ ದಾರದಲ್ಲಿ ಪೋಣಿಸಿದ್ದಳು. ದಪ್ಪನೆಯ ಮಾಲೆ. ಅದನ್ನು ಕಾರಿನೊಳಗಿನ ಕನ್ನಡಿಗೆ ಎರಡು ಸುತ್ತು ಸುತ್ತಿ ಇಳಿಬಿಟ್ಟಳು.

ಮೇಲೆ ಮನೆಗೆ ಬರುವಷ್ಟರಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಗಂಡ ಶಶಿಕಾಂತ, ಡರ್ಹಮ್‌ನಿಂದ. ಅಲ್ಲಿ ಅವನಿಗೆ ಕಾಂಟ್ರ್ಯಾಕ್ಟ್ ಕೆಲಸ. ವಾರಾಂತ್ಯಕ್ಕೆ ಬರುವುದು ರೂಢಿ, ಈ ವಾರ ಮಾತ್ರ ಕೆಲಸ ಬಿಟ್ಟಿರಲಿಲ್ಲ.

"ಲಿಂಬೆಹಣ್ಣ ತುಳಿಸಿದ್ಯಾ?"

"ತುಳಿಸಿದೆ. ಒಬ್ಬಾತ ನಾಯಿ ಹಿಡ್ಕೊಂಡು ನಿಂತು ನೋಡಾಕತ್ತಿದ್ದ. ಪಾಪ, ನನಗ ಪಾರ್ಕ್ ಮಾಡಾಕ ಬರೂದಿಲ್ಲ ಅನ್ಕೊಂಡಿರಬೇಕು."

ಶಶಿಕಾಂತ ನಗಲಿಲ್ಲ. "ಅವ್ವನ ಫ್ಲೈಟ್ ಮೂರಕ್ಕ. ಆಕೀಗೆ ಇಂಗ್ಲಿಷ್ ಒಂದಕ್ಷರ ಬರೂದಿಲ್ಲ. ಮೊದಲನೇ ಸಲ, ಒಬ್ಬಾಕೀನ ಬರಾಕತ್ತಾಳ. ಹೊರಗ ಬಂದ ಕೂಡ್ಲೇ ನಿನ್ನ ಮಾರಿ ಕಾಣಬೇಕು, ತಿಳೀತಾ?"

"ಕಾಣ್ತೈತಿ. ನೀವು ನಿಮ್ಮ ಕೆಲಸ ನೋಡ್ಕೋರಿ."

ಹೋಳಿಗೆಗೆ ಹೂರಣ ರುಬ್ಬಿಟ್ಟು, ಅತ್ತೆಯ ಹಾಸಿಗೆಗೆ ಹೊಸ ಚಾದರ ಹಾಸಿ, ಇಳಕಲ್ ಸೀರೆಯುಟ್ಟು ಪ್ರತಿಭಾ ಮತ್ತೆ ಕೆಳಗಿಳಿದಾಗ ಮಧ್ಯಾಹ್ನ ಸರಿದಿತ್ತು. ಕೀಲಿಕೈ ಕೈಯಲ್ಲೇ ಉಳಿಯಿತು.

ಕಾರು ನಿಂತಿದ್ದ ಜಾಗದಲ್ಲಿ ಅಪ್ಪಚ್ಚಿಯಾದ ಲಿಂಬೆಹಣ್ಣು ಮಾತ್ರ ಬಿದ್ದಿತ್ತು.

ಕಳುವಾಯಿತೇ? ಮರುಕ್ಷಣ ಅವಳ ಕಣ್ಣು ಬೇಲಿಗೆ ಹೊಡೆದಿದ್ದ ಫಲಕದ ಮೇಲೆ ಬಿತ್ತು. ಪರ್ಮಿಟ್ ಇಲ್ಲದ ವಾಹನಗಳನ್ನು ಎಳೆದೊಯ್ಯಲಾಗುವುದು. ಆದರೆ ಅವಳ ಬಳಿ ಪರ್ಮಿಟ್ ಇತ್ತು! ಬಾಡಿಗೆದಾರರಿಗೆಲ್ಲ ಕೊಡುವ ಆ ಹಸಿರು ಬಿಲ್ಲೆಯನ್ನು ಬಂದ ದಿನವೇ ಕನ್ನಡಿಗೆ ತೂಗುಹಾಕಿದ್ದಳು.

ಮೇಲೆ ಓಡಿ ಟ್ಯಾಕ್ಸಿಗೆ ಫೋನ್ ಮಾಡಿದಳು. ಒಂದು ಕಂಪನಿಯಲ್ಲಿ ಯಾರೂ ಎತ್ತಲಿಲ್ಲ. ಇನ್ನೊಂದರಲ್ಲಿ, ಸಂಜೆಯವರೆಗೆ ಗಾಡಿ ಸಿಗುವುದಿಲ್ಲವೆಂದರು. ಪರಿಚಯದ ಕನ್ನಡದ ಮನೆಗಳಿಗೆಲ್ಲ ಫೋನ್ ಮಾಡಿದಳು. ಹಬ್ಬವೆಂದು ಎಲ್ಲರೂ ಗುಡಿಗೆ ಹೋಗಿದ್ದರು. ಆನ್ಸರಿಂಗ್ ಮಶೀನುಗಳೇ ಉತ್ತರಿಸಿದವು. ಅತ್ತೆ ಈಗ ಆಕಾಶದಲ್ಲೆಲ್ಲೋ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಕುಳಿತಿದ್ದಾರೆ. ಇಳಿಯುತ್ತಾರೆ. ಹೊರಗೆ ಬರುತ್ತಾರೆ. ಬಂದು, ಸೊಸೆಯ ಮುಖವನ್ನು ಹುಡುಕುತ್ತಾರೆ.

ಮೆಟ್ಟಿಲ ಮೇಲೆ ಏದುಸಿರು ಬಿಡುತ್ತ ನಿಂತಾಗ ಎದುರಿಗೆ ಬಂದವರು ಕೆಳಮನೆಯ ಲೊರೇನ್. ಐವತ್ತು ದಾಟಿದ ಕಪ್ಪು ವರ್ಣದ ಹೆಂಗಸು. ಚರ್ಚಿನಿಂದ ಮರಳುತ್ತಿದ್ದರು, ತಲೆಯ ಮೇಲೆ ನೇರಳೆ ಹ್ಯಾಟು. ಇಬ್ಬರ ನಡುವೆ ಈವರೆಗೆ ನಡೆದದ್ದು 'ಹಾಯ್' ಎಂಬ ಒಂದೇ ಮಾತು. ಪ್ರತಿಭಾ ತಲೆ ತಗ್ಗಿಸಿದಳು. ಅದಕ್ಕೆ ಕಾರಣವಿತ್ತು.

ಹಿಂದಿನ ತಿಂಗಳು ಒಂದು ಮುಂಜಾನೆ ಲೊರೇನ್ ಅವರ ಕಾರಿಗೆ, ಗಾಡಿ ಎಳೆದೊಯ್ಯುವ ಟೋ ಟ್ರಕ್ಕಿನವನು ಕೊಕ್ಕೆ ಹಾಕುತ್ತಿದ್ದುದನ್ನು ಅವಳು ಕಿಟಕಿಯಿಂದ ಕಂಡಿದ್ದಳು. ಒಂದು ಕೂಗು ಹಾಕಿದ್ದರೆ, ಓಡಿಹೋಗಿ ಬಾಗಿಲು ಬಡಿದಿದ್ದರೆ ಸಾಕಾಗಿತ್ತು. "ವೀಸಾದ ಮ್ಯಾಲ ಇದ್ದೋರು ನಾವು. ಊರ ಉಸಾಬರಿ ನಮಗ್ಯಾಕ?" ಎಂದು ಶಶಿಕಾಂತ ಹೇಳಿದ್ದ. ಅವಳು ಪರದೆ ಎಳೆದಿದ್ದಳು.

"ನಿಮ್ಮ ಮುಖ ಯಾಕೆ ಹೀಗಿದೆ? ಏನಾಯಿತು?" ಎಂದರು ಲೊರೇನ್.

ಪ್ರತಿಭಾಳ ಇಂಗ್ಲಿಷು ತುಂಡುತುಂಡಾಗಿ ಹೊರಬಿತ್ತು. ಕಾರು. ಅತ್ತೆ. ಏರ್‌ಪೋರ್ಟ್. ಒಬ್ಬರೇ.

ಲೊರೇನ್ ಮುಂದಿನ ಪ್ರಶ್ನೆ ಕೇಳಲಿಲ್ಲ. ಹ್ಯಾಟು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, "ಬನ್ನಿ, ಹತ್ತಿ" ಎಂದರು.

ಏರ್‌ಪೋರ್ಟಿನ ದಾರಿಯಲ್ಲಿ ಎರಡು ಸಿಗ್ನಲ್ಲು ದಾಟಿದರು. ಆಮೇಲೆ ಲೊರೇನ್ ರಸ್ತೆಯ ಮೇಲಿನ ಕಣ್ಣು ತೆಗೆಯದೆ ಹೇಳಿದರು: "ಅವತ್ತು ನನ್ನ ಕಾರು ಒಯ್ದಾಗ ನೀವು ಕಿಟಕಿಯಲ್ಲಿದ್ದಿರಿ. ನಾನು ಓಡಿಬಂದಾಗ ಪರದೆ ಅಲುಗಿದ್ದು ಕಾಣಿಸಿತು."

ಪ್ರತಿಭಾಳಿಗೆ ಕಾರಿನ ನೆಲ ಬಾಯ್ಬಿಡಬಾರದೇ ಎನಿಸಿತು. "ನಮಗೆ ಭಯ" ಎಂದಳು. "ಪೊಲೀಸು, ವೀಸಾ, ಏನಾದರೂ ಆದರೆ... ಅದಕ್ಕೇ."

"ಭಯ ನನಗೆ ಗೊತ್ತಿಲ್ಲದ ಸಂಗತಿಯೇ?" ಲೊರೇನ್ ಸಣ್ಣಗೆ ನಕ್ಕರು. "ಅವತ್ತು ನನ್ನ ಅಪ್ಪನನ್ನು ಡಯಾಲಿಸಿಸ್‌ಗೆ ಕರೆದೊಯ್ಯಬೇಕಿತ್ತು. ನಾನು ಎರಡು ಬಸ್ಸು ಬದಲಿಸಿ ಹೋಗುವವರೆಗೆ ಅವರು ಬಾಗಿಲಲ್ಲಿ ಕೋಟು ಹಾಕಿಕೊಂಡು ಕುಳಿತೇ ಇದ್ದರು. ಕಾಯುವ ಮುದುಕರನ್ನು ನೆನೆದರೆ ನನಗೆ ತಡೆಯಲಾಗುವುದಿಲ್ಲ. ಅದಕ್ಕೇ ನಿಮ್ಮನ್ನು ಹತ್ತಿಸಿಕೊಂಡೆ. ಅಳಬೇಡಿ, ಸೀಟಿನ ಕೆಳಗೆ ಟಿಶ್ಯೂ ಇದೆ."

ಅವರು ತಲುಪಿದಾಗ ವಿಮಾನ ಇಳಿದು ಬಹಳ ಹೊತ್ತಾಗಿತ್ತು. ಪ್ರಯಾಣಿಕರ ದಂಡು ಚದುರಿಹೋಗಿತ್ತು. ಬಾಗಿಲು ಎರಡು ಸಲ ತೆರೆದು ಮುಚ್ಚಿತು. ಮೊದಲು ಒಬ್ಬ ಗಗನಸಖಿ, ಆಮೇಲೆ ನೆಲ ಒರೆಸುವವನು. ಪ್ರತಿಭಾ ಬೆಂಚುಗಳನ್ನು ಹುಡುಕಿದಳು, ಶೌಚಾಲಯದಲ್ಲಿ ಇಣುಕಿದಳು, ಹೊರಗಿನ ಕಾಲುದಾರಿಗೂ ಓಡಿ ಬಂದಳು. ಅತ್ತೆ ಎಲ್ಲಿಯೂ ಇಲ್ಲ. ಕಾದು ಸಾಕಾಗಿ ಯಾರ ಹಿಂದೆಯಾದರೂ ನಡೆದುಬಿಟ್ಟರೇ? ಈ ಊರಿನಲ್ಲಿ ಅವರು ಯಾರನ್ನು ಏನೆಂದು ಕೇಳಿಯಾರು? ಮೈಕಿನಲ್ಲಿ ಕರೆಸೋಣವೆಂದರೆ, ಆ ಮೈಕಿನ ಭಾಷೆ ಅವರಿಗೆ ತಿಳಿಯುವುದಿಲ್ಲ.

ಅಷ್ಟರಲ್ಲಿ ಲೊರೇನ್ ಕಾವಲಿನವನ ಮುಂದೆ ನಿಂತು, ಚರ್ಚಿನ ಹ್ಯಾಟನ್ನು ಮತ್ತೆ ತಲೆಗಿಟ್ಟುಕೊಂಡು, "ಒಳಗೆ ಒಬ್ಬ ತಾಯಿ ಉಳಿದಿದ್ದಾರೆ. ನೋಡಿ ಬಂದು ಹೇಳುವವರೆಗೆ ನಾನು ಕದಲುವುದಿಲ್ಲ" ಎನ್ನುತ್ತಿದ್ದರು. ಅವನು ಗೊಣಗುತ್ತ ಒಳಗೆ ಹೋದ.

ಬಾಗಿಲು ತೆರೆಯಿತು. ತಳ್ಳುಗಾಡಿಯ ಮೇಲಿನ ಸೂಟ್‌ಕೇಸುಗಳ ಹಿಂದಿನಿಂದ ಮೊದಲು ಕೇಳಿಸಿದ್ದು ಧ್ವನಿ.

"ಎಲೀ ಕಸ್ಕೊಂಡ್ರಲ್ಲೋ ಯಪ್ಪಾ! ಹಬ್ಬದ ಬನ್ನಿ ಅದು, ಬನ್ನಿ!"

ದಸರೆಯ ದಿನ ಕೊಟ್ಟು ತೆಗೆದುಕೊಳ್ಳಲೆಂದು ಅತ್ತೆ ರೇಣುಕಾದೇವಿಯವರು ಧಾರವಾಡದಿಂದ ಒಂದು ಚೀಲ ಬನ್ನಿ ಸೊಪ್ಪು ತಂದಿದ್ದರು. ಹಸಿ ಎಲೆಯನ್ನು ದೇಶದೊಳಗೆ ಬಿಡುವುದಿಲ್ಲವೆಂದು ಕಸ್ಟಮ್ಸಿನವರು ತಡೆದಿದ್ದರು. ಬನ್ನಿಯನ್ನು ಬಂಗಾರವೆನ್ನುವುದು ರೂಢಿಯಲ್ಲವೇ? ಅವರು ತಮಗೆ ಗೊತ್ತಿದ್ದ ಒಂದೇ ಇಂಗ್ಲಿಷ್ ಪದವನ್ನು ಹೆಮ್ಮೆಯಿಂದ ಬಳಸಿ "ಗೋಲ್ಡ್, ಗೋಲ್ಡ್" ಎಂದಿದ್ದರಂತೆ. ಅದಾದ ಮೇಲೆ ಬಂಗಾರದ ಹುಡುಕಾಟದಲ್ಲಿ ಸೂಟ್‌ಕೇಸುಗಳೆಲ್ಲ ತಳ ಕಂಡಿದ್ದವು. ಹೊರಗೆ ಸೊಸೆ ತಡವಾಗಿ ಬಂದದ್ದು ಅವರಿಗೆ ತಿಳಿಯಲೇ ಇಲ್ಲ.

ಪ್ರತಿಭಾ ಅತ್ತೆಯ ಕಾಲಿಗೆರಗಿ, ಏಳಲಾರದೆ ಅಲ್ಲೇ ಕುಳಿತುಬಿಟ್ಟಳು.

"ಏ ಹುಚ್ಚಿ, ಯಾಕ ಅಳ್ತಿ? ನಾ ಬಂದೆ, ಪೇಡೆನೂ ಬಂದಾವ. ಈ ತಾಯಿ ಯಾರು?"

"ಕೆಳಗಿನ ಮನಿಯವರು ಅತ್ತಿ. ಕಾರ್ ಇರಲಿಲ್ಲ, ಅವರೇ ಕರ್ಕೊಂಡು ಬಂದ್ರು."

"ಮನಿಯಾಗ ಯಾರ್ಯಾರು ಅದಾರ? ಮಕ್ಕಳು ಎಷ್ಟು?"

ಆ ಪ್ರಶ್ನೆಯನ್ನು ಪ್ರತಿಭಾ ಲೊರೇನ್ ಅವರಿಗೇ ದಾಟಿಸಬೇಕಾಯಿತು. ಒಂದು ವರ್ಷದಿಂದ ಅವರ ಮನೆಯ ಮಾಡಿನ ಮೇಲೆಯೇ ಅವಳ ಸಂಸಾರ ನಡೆದಿತ್ತು.

ಟೋ ಕಂಪನಿಯ ಅಂಗಳಕ್ಕೂ ಲೊರೇನ್ ಅವರೇ ಕರೆದೊಯ್ದರು. ಮುಳ್ಳುತಂತಿಯ ಬೇಲಿಯೊಳಗೆ ವಿಭೂತಿ ಹಚ್ಚಿಕೊಂಡ ಕಾರು ಒಂಟಿ ಬಸವಣ್ಣನಂತೆ ನಿಂತಿತ್ತು. ಟ್ರಕ್ಕಿನ ಚಾಲಕ ರಾಯ್ ಗಾಜಿನ ಮೇಲೆ ಬೆರಳಿಂದ ಬಡಿದು ತೋರಿಸಿದ: "ಪರ್ಮಿಟ್ ಎಲ್ಲಿದೆ? ಕಾಣಿಸಬೇಕು ಎನ್ನುವುದು ನಿಯಮ."

ಪ್ರತಿಭಾ ಬಾಗಿ ನೋಡಿದಳು. ಅವಳೇ ಕಟ್ಟಿದ ಸೇವಂತಿಗೆಯ ಮಾಲೆ. ಅದರ ದಪ್ಪ ಮಡಿಕೆಯ ಹಿಂದೆ ಹಸಿರು ಬಿಲ್ಲೆಯ ಒಂದು ಅಂಚು.

"ಅಂಚು ಕಾಣುತ್ತಿದೆಯಲ್ಲ, ರಾಯ್. ನಿನಗೆ ಕಾಣುವ ಮನಸ್ಸಿರಲಿಲ್ಲ" ಎಂದರು ಲೊರೇನ್. "ಬಾಗಿಲು ಬಡಿದು ಒಂದು ಮಾತು ಕೇಳಬಹುದಿತ್ತು."

ರಾಯ್ ಮುಖ ಗಂಟಿಕ್ಕಿದ. "ಬಾಗಿಲು ಬಡಿಯುವುದಕ್ಕೆ ನನಗೆ ಯಾರೂ ಸಂಬಳ ಕೊಡುವುದಿಲ್ಲ, ಮ್ಯಾಡಮ್. ಎಳೆದ ಗಾಡಿಗೆ ಮಾತ್ರ ಕೊಡುತ್ತಾರೆ. ಹೊರಗಿನವರು ಜಾಗ ಹಿಡಿಯುತ್ತಾರೆಂದು ದೂರಿದವರು ನಿಮ್ಮ ಬಾಡಿಗೆದಾರರೇ. ಒಂದು ವಾರ ನಾನು ಬರದಿದ್ದರೆ ನೀವೇ ಫೋನ್ ಮಾಡುತ್ತೀರಿ."

ಅವನ ಮಾತಿನಲ್ಲಿ ಸುಳ್ಳು ಎಲ್ಲಿ ಮುಗಿದು ನಿಜ ಎಲ್ಲಿ ಆರಂಭವಾಗುತ್ತದೆಂದು ಪ್ರತಿಭಾಳಿಗೆ ತಿಳಿಯಲಿಲ್ಲ. ಕೇಳಿದ್ದನ್ನು ತೆತ್ತು ಕಾರು ಬಿಡಿಸಿಕೊಂಡಳು. ಮನೆಯ ಅಂಗಳದಲ್ಲಿ ಲೊರೇನ್ ಅವರ ಎರಡೂ ಕೈ ಹಿಡಿದುಕೊಂಡಳು. 'ಥ್ಯಾಂಕ್ಸ್' ಎಂಬ ಮಾತು ಅಂಗಡಿಯಲ್ಲಿ ಚಿಲ್ಲರೆ ಕೊಟ್ಟವರಿಗೂ ಹೇಳುವಂಥದ್ದು. ಇಲ್ಲಿ ಅದನ್ನು ಹೇಳಲು ಅವಳಿಗೆ ನಾಲಗೆ ಏಳಲಿಲ್ಲ.

ಮರುದಿನ ವಿಜಯದಶಮಿ. ಸಂಜೆ ರೇಣುಕಾದೇವಿಯವರು ತಲೆ ಬಾಚಿಕೊಂಡು, ಪೇಡೆಯ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತರು.

"ಎಲ್ಲಿಗೆ ಅತ್ತಿ?"

"ಬನ್ನಿ ಕೊಡಾಕ."

"ಬನ್ನಿ ಎಲ್ಲೈತಿ? ಕಸ್ಕೊಂಡ್ರಲ್ಲ."

"ಎಲಿ ಹೋದ್ರ ಹೋಗಲಿ. ಹೋಗೂ ಮನಿ ಅದಾವಲ್ಲ? ಮೊದಲ ಆ ತಾಯಿ ಮನೀಗೆ ನಡಿ."

ಲೊರೇನ್ ಅವರ ಮನೆಗೆ ಆ ದಿನ ಬಂದಿದ್ದ ಅವರ ಅಪ್ಪ ಎರಡು ಪೇಡೆ ತಿಂದು ಮೂರನೆಯದಕ್ಕೆ ಕೈ ಚಾಚಿ, ಮಗಳಿಂದ ಬೈಸಿಕೊಂಡರು. ಅಲ್ಲಿಂದ ಮುಂದೆ ಲೊರೇನ್ ಕೂಡ ಜೊತೆಯಾದರು. ಅಪರಿಚಿತ ಬಾಗಿಲುಗಳನ್ನು ಬಡಿಯುವಾಗ ಪ್ರತಿಭಾ ಒಂದು ಹೆಜ್ಜೆ ಹಿಂದೆಯೇ ನಿಲ್ಲುತ್ತಿದ್ದಳು. ಅತ್ತೆಯ ಮುಖ ಮಾತ್ರ ಸ್ವಂತ ಓಣಿಯಲ್ಲಿ ನಡೆಯುವವರಂತೆ ನಿರಾಳವಾಗಿತ್ತು. ಗೋಡೆಗೆ ಬಣ್ಣ ಹಚ್ಚುವ ಕೆಲಸದ ಎಲ್ ಸಾಲ್ವಡಾರಿನ ಮಾರಿಯೋ, ಮಗುವನ್ನು ಸೊಂಟದಲ್ಲೆತ್ತಿಕೊಂಡ ಕೊರಿಯಾದ ಹುಡುಗಿ. ಪೇಡೆ ಯಾಕೆಂದು ಕೇಳಿದವರಿಗೆ ಪ್ರತಿಭಾ ಏರ್‌ಪೋರ್ಟಿನ ಕಥೆ ಹೇಳಲೇಬೇಕಾಗುತ್ತಿತ್ತು. ಕೇಳಿದವರಲ್ಲಿ ಬಹುಪಾಲು ಜನ "ನಮ್ಮದೂ ಒಯ್ದಿದ್ದರು" ಎನ್ನುತ್ತಿದ್ದರು. ಒಬ್ಬರಿಗೆ ಟೈರು ಗೆರೆ ದಾಟಿದ್ದೇ ನೆಪ, ಇನ್ನೊಬ್ಬರಿಗೆ ಬಿಲ್ಲೆ ತಿರುಗಿದ್ದೇ ನೆಪ. ಪ್ರತಿಯೊಬ್ಬರೂ ಅದನ್ನು ತಮ್ಮೊಬ್ಬರ ಗ್ರಹಚಾರವೆಂದು ನುಂಗಿಕೊಂಡು ಕುಳಿತಿದ್ದರು.

ಶುಕ್ರವಾರ ಊರಿಗೆ ಬಂದ ಶಶಿಕಾಂತ ಎಲ್ಲವನ್ನೂ ಕೇಳಿ ಹಣೆ ಒತ್ತಿಕೊಂಡ. "ಅವ್ವ ಸುರಕ್ಷಿತ ಬಂದ್ಲು, ದೇವರು ದೊಡ್ಡಾವ. ಇಲ್ಲಿಗೆ ಬಿಟ್ಟುಬಿಡು. ಗ್ರೀನ್ ಕಾರ್ಡಿಗೆ ಅಪ್ಲೈ ಮಾಡೂ ಹೊತ್ತಿನಾಗ ಜಗಳದಾಗ ಹೆಸರು ಬರಬಾರದು."

"ನಿಮ್ಮ ಅಂಜಿಕಿ ಸುಳ್ಳು ಅನ್ನೂದಿಲ್ರಿ" ಎಂದಳು ಪ್ರತಿಭಾ. "ಆದ್ರ ಭಾನುವಾರ ಲೊರೇನ್ ಅವರೂ ಪರದೆ ಎಳ್ಕೊಂಡು ಒಳಗ ಕುಂತಿದ್ರ, ನಿಮ್ಮವ್ವ ಎಲ್ಲಿರ್ತಿದ್ರು?"

ಶನಿವಾರ ಬೆಳಿಗ್ಗೆ ಚಹಾ ಸೋಸುತ್ತಿದ್ದಾಗ ಕೆಳಗಿನಿಂದ ಸರಪಳಿಯ ಸದ್ದು ಬಂತು. ಪ್ರತಿಭಾ ಇಣುಕಿದಳು. ಬಣ್ಣದ ಡಬ್ಬಿಗಳು ತುಂಬಿದ ಮಾರಿಯೋನ ಪಿಕಪ್ಪಿಗೆ ರಾಯ್ ಕೊಕ್ಕೆ ಸಿಕ್ಕಿಸುತ್ತಿದ್ದ. ಆ ಗಾಡಿ ಹೋದರೆ ಅವನ ಆ ದಿನದ ಕೆಲಸವೂ ಹೋದಂತೆಯೇ. ಚಹಾ ಸೋಸುವುದನ್ನು ಅಲ್ಲಿಗೇ ಬಿಟ್ಟು, ಬರಿಗಾಲಲ್ಲಿ, ಅವಳು ಮೆಟ್ಟಿಲಿಳಿದಳು.

ಟ್ರಕ್ಕಿಗೂ ಪಿಕಪ್ಪಿಗೂ ನಡುವೆ ಹೋಗಿ ನಿಂತಳು.

"ಸರಿಯಿರಿ, ಮ್ಯಾಡಮ್."

"ಈ ಗಾಡಿಯವರು ನನಗೆ ಗೊತ್ತು. ಇಲ್ಲೇ ಇರುತ್ತಾರೆ. ಅವರು ಕೆಳಗೆ ಬರುವವರೆಗೆ ನಾನು ಇಲ್ಲೇ ನಿಂತಿರುತ್ತೇನೆ."

"ನನಗೆ ನಿಮ್ಮ ಜೊತೆ ಜಗಳವಿಲ್ಲ."

"ನನಗೂ ಇಲ್ಲ. ಐದು ನಿಮಿಷ ಕಾಯಿರಿ, ಅಷ್ಟೇ."

ಲೊರೇನ್ ತಲೆಗೆ ಕಟ್ಟಿದ್ದ ಬಟ್ಟೆಯಲ್ಲೇ ಹೊರಬಂದು ಮಾರಿಯೋನ ಬಾಗಿಲನ್ನು ದಬದಬ ಬಡಿದರು. ಕೊರಿಯಾದ ಹುಡುಗಿ ಮಗುವಿನೊಡನೆ ಬಂದು ಪ್ರತಿಭಾಳ ಪಕ್ಕ ನಿಂತಳು. ಏನು ನಡೆದಿದೆಯೆಂದು ತಿಳಿಯದಿದ್ದರೂ ಜನ ಸೇರಿದ್ದನ್ನು ಕಂಡು ರೇಣುಕಾದೇವಿಯವರು ಮಡಚುವ ಕುರ್ಚಿಯೊಂದನ್ನು ಎತ್ತಿಕೊಂಡು ಬಂದು, ಪಿಕಪ್ಪಿನ ಎದುರಿಗೆ ಹಾಕಿ, ಸೆರಗು ಸರಿಪಡಿಸಿಕೊಂಡು ಕುಳಿತೇಬಿಟ್ಟರು. ಅವರ ಹಿಂದೆ, ಅರ್ಧ ಗುಂಡಿ ಹಾಕಿದ ಅಂಗಿಯಲ್ಲಿ, ಶಶಿಕಾಂತ. ಅವನು ಹೆಂಡತಿಯ ಮುಖ ನೋಡಲಿಲ್ಲ. ರಾಯ್‌ನ ಮುಖವನ್ನೂ ನೋಡಲಿಲ್ಲ. ತಾಯಿಯ ಕುರ್ಚಿಯ ಬೆನ್ನಿಗೆ ಕೈಯಿಟ್ಟು ಸುಮ್ಮನೆ ನಿಂತುಕೊಂಡ.

ಮಾರಿಯೋ ಅರ್ಧ ಮುಖಕ್ಕೆ ಶೇವಿಂಗ್ ನೊರೆ ಮೆತ್ತಿಕೊಂಡೇ ಓಡಿಬಂದ. ಕೈಯಲ್ಲಿ ಹಸಿರು ಬಿಲ್ಲೆ. ರಾತ್ರಿ ಗಾಜು ಒರೆಸಲು ತೆಗೆದವನು ಮತ್ತೆ ಹಾಕಲು ಮರೆತಿದ್ದ. ರಾಯ್ ಬಿಲ್ಲೆಯನ್ನು ನೋಡಿದ, ಸುತ್ತ ನಿಂತವರನ್ನು ನೋಡಿದ, ಕುರ್ಚಿಯಲ್ಲಿ ಕುಳಿತ ಮುದುಕಿಯನ್ನು ನೋಡಿದ. ಬಾಯೊಳಗೆ ಏನೋ ಗೊಣಗಿಕೊಂಡು ಕೊಕ್ಕೆ ಇಳಿಸಿದ.

ಟ್ರಕ್ಕು ಗೇಟು ದಾಟಿದ ಮೇಲೆ ಮಾರಿಯೋ ಎದೆಯ ಮೇಲೆ ಕೈಯಿಟ್ಟು ಒಬ್ಬೊಬ್ಬರಿಗೂ ಬಾಗಿದ. ಪ್ರತಿಭಾ ಲೊರೇನ್ ಅವರ ಕಡೆ ತೋರಿಸಿದಳು. ಲೊರೇನ್ ಕುರ್ಚಿಯ ಕಡೆ ತೋರಿಸಿದರು. ನೊರೆ ಮೆತ್ತಿದ ಆ ಮುಖ ತನ್ನ ಮುಂದೆ ಬಾಗಿದ್ದನ್ನು ಕಂಡು ರೇಣುಕಾದೇವಿಯವರು ಸೊಸೆಯತ್ತ ತಿರುಗಿದರು.

"ಏನಂತಾನ ಇಂವಾ?"

"ಭಾಳ ಉಪಕಾರ ಆತು ಅಂತಾನ, ಅತ್ತಿ."

"ಉಪಕಾರ ಏನ್ ಬಂತು ತಗೋ! ನಾಷ್ಟಾ ಆಗೇತೇನು, ಕೇಳು."