ನಲವತ್ತು ಗಂಟೆಯ ಕೊಳವೆ

"ಸಾಕು ಬಿಡೇ, ಚರ್ಮ ಕಿತ್ತು ಬರುತ್ತೆ," ಎಂದು ಸೋದರತ್ತೆ ಕೈ ಹಿಡಿದರೂ ಮಗಳು ಬ್ರಷ್ ಬಿಡಲಿಲ್ಲ. ಸತ್ತ ಅಪ್ಪನ ಉಗುರು ಸಂದಿಯ ಕಪ್ಪು ಸೋಪಿಗೂ ಜಗ್ಗಲಿಲ್ಲ.

"ಇಪ್ಪತ್ತು ವರ್ಷದ ಮಸಿ ಅದು. ನಾನೇ ತಿಕ್ಕಿ ತಿಕ್ಕಿ ಸೋತಿದ್ದೀನಿ," ಎಂದಳು ಮೂಲೆಯಲ್ಲಿ ಕೂತಿದ್ದ ಅಮ್ಮ. "ಹಾಗೇ ಹೋಗಲಿ ಬಿಡು."

ಅಷ್ಟರಲ್ಲಿ ಅಪ್ಪ ಕೆಲಸಕ್ಕಿದ್ದ ಪ್ರಯೋಗಾಲಯದ ಮುಖ್ಯಸ್ಥರು ಬಂದರು. ಹಿಂದೆ ನಾಲ್ಕು ಜನ ಕೆಲಸಗಾರರು, ಮುಂದೆ ಅವರ ಸೆಂಟಿನ ವಾಸನೆ. ಸಾವಿನ ಮನೆಗೂ ಸೆಂಟು ಬಳಿದುಕೊಂಡು ಬರುವ ಜನ. ಮಗಳನ್ನು ಬಾಗಿಲ ಮರೆಗೆ ಕರೆದರು.

"ಎರಡು ಮಾತು ನೀನೂ ಆಡಬೇಕಮ್ಮ. ನಮ್ಮ ಕ್ಯಾಟಲಿಸ್ಟನ್ನ ಇನ್ನೂರು ಗಂಟೆ ನಿಲ್ಲದೆ ಓಡಿಸಿದವರು ನಿಮ್ಮಪ್ಪ ಅಂತ. ಬರೋ ವಾರ ನಿನ್ನ ಪಿಎಚ್‌ಡಿ ವೈವಾ. ಅಲ್ಲೂ ಇದನ್ನೇ ಹೇಳೋದಲ್ವಾ?"

ಅವಳು ಒಳಗೆ ಹೋಗಿ ಮತ್ತೆ ಬ್ರಷ್ ಹಿಡಿದಳು.

*

ಕಾದ ಕೊಳವೆಗೆ ಮೀಥೇನ್ ಬಿಟ್ಟರೆ ಆಚೆ ತುದಿಯಲ್ಲಿ ಹೈಡ್ರೋಜನ್ ಬರುತ್ತದೆ. ಇಂಗಾಲ ಒಳಗೇ ಉಳಿದು, ಕ್ಯಾಟಲಿಸ್ಟ್ ಎಂಬ ಕಬ್ಬಿಣದ ಪುಡಿಯ ಮೇಲೆ ಮಸಿಯಾಗಿ ಕೂರುತ್ತದೆ. ನಲವತ್ತು ಗಂಟೆಗೆ ಕೊಳವೆ ಕಟ್ಟಿಕೊಳ್ಳುತ್ತಿತ್ತು. ಅಪ್ಪ ಕುಲುಮೆ ಆರಿಸಿ, ಮಸಿ ಕೆರೆದು, ಹೊಸ ಪುಡಿ ತುಂಬಿ, 'ನಲವತ್ತು, ಕಟ್ಟಿತು' ಎಂದೇ ಬರೆಯುತ್ತಿದ್ದ. ಹೀಗೆ ಐದು ಸಲ ಓಡಿಸಿದ್ದನ್ನು ಕೂಡಿಸಿ ಇನ್ನೂರು ಗಂಟೆಯ ಒಂದೇ ಓಟ ಅಂತ ಬರೆಯಿರಿ ಎಂದು ಮುಖ್ಯಸ್ಥರು ಹೇಳಿದಾಗ ನಕ್ಕುಬಿಟ್ಟಿದ್ದ.

"ಐದು ಸಲ ಸತ್ತವನಿಗೆ ದೀರ್ಘಾಯುಸ್ಸು ಅಂತೀರಲ್ಲ ಸಾರ್!"

ಆಮೇಲೆ ಮಗಳು ಅದೇ ಮುಖ್ಯಸ್ಥರ ಕೈಕೆಳಗೆ ಸಂಶೋಧನೆಗೆ ಸೇರಿದಳು. ಐದು ನಲವತ್ತನ್ನು ಕೂಡಿಸಿ ಇನ್ನೂರು ಮಾಡಿದವಳು ಅವಳೇ. ಒಂದು ಭಾನುವಾರ ಅಪ್ಪ ಊಟಕ್ಕೆ ಕೂತಿದ್ದಾಗ ಹಾಳೆ ಮುಂದಿಟ್ಟು, "ಅಪ್ಪಾ, ಓಡಿಸಿದವರ ಸಹಿ ಬೇಕು," ಎಂದಳು.

"ಇನ್ನೂರಾ?"

"ಎಲ್ಲರೂ ಹೀಗೇ ಬರೀತಾರಪ್ಪ. ಇಲ್ಲಾಂದ್ರೆ ನನ್ನ ನಾಲ್ಕು ವರ್ಷ ಮಣ್ಣುಪಾಲು."

ಅಪ್ಪ ಸಹಿ ಹಾಕಿ, ತಟ್ಟೆ ಸರಿಸಿ ಎದ್ದುಹೋದ. ಮತ್ತೆಂದೂ ಅವಳ ಕೆಲಸದ ಸುದ್ದಿ ಎತ್ತಲಿಲ್ಲ.

*

ಹೆಣದ ಪಕ್ಕ ನಿಂತು ಮುಖ್ಯಸ್ಥರು ಗಂಟಲು ಸರಿಮಾಡಿಕೊಂಡರು.

"ಇನ್ನೂರು ಗಂಟೆ! ಒಂದೇ ಒಂದು ಸಲ ಕೊಳವೆ ಕಟ್ಟಲಿಲ್ಲ. ಇವರದೇ ಸಹಿ ಇದೆ, ಸಾಕ್ಷಿಗೆ."

ಕೆಲಸಗಾರರು ನೆಲ ನೋಡಿದರು. ಅವರಿಗೂ ಗೊತ್ತು. ಸುಳ್ಳು ಬರೆಯಲಾರೆ ಎಂದವನನ್ನು ಸತ್ತ ಮೇಲೆ ಸುಳ್ಳಿಗೆ ಸಾಕ್ಷಿ ಮಾಡುತ್ತಿದ್ದರು. ಎಂಥ ಅಸಹ್ಯ! ಮಗಳಿಗೆ ಅದಕ್ಕಿಂತ ಹೆಚ್ಚು ತನ್ನ ಮೇಲೆಯೇ ಹೇಸಿಗೆಯಾಯಿತು.

"ನಲವತ್ತು," ಎಂದಳು. "ನಲವತ್ತು ಗಂಟೆಗೇ ಕಟ್ತಿತ್ತು. ಐದು ಸಲ ಕೆರೆದದ್ದು ಅಪ್ಪ. ಇನ್ನೂರು ಅಂತ ಬರೆದದ್ದು ನಾನು. ಸಹಿಯನ್ನೂ ನಾನೇ ಪೀಡಿಸಿ ಹಾಕಿಸಿಕೊಂಡೆ. ವೈವಾದಲ್ಲೂ ಇದನ್ನೇ ಹೇಳ್ತೀನಿ. ಪಿಎಚ್‌ಡಿ ಹೋದರೆ ಹೋಗಲಿ."

"ಪಾಪ, ದುಃಖದಲ್ಲಿ ಏನೇನೋ ಮಾತಾಡ್ತಿದ್ದಾಳೆ," ಎಂದು ಮುಖ್ಯಸ್ಥರು ನಗುತ್ತಲೇ ಅವಳ ಭುಜದ ಮೇಲೆ ಕೈಯಿಟ್ಟು ಒತ್ತಿದರು.

ಅಮ್ಮ ಎದ್ದು ಬಂದಳು. ಸತ್ತ ಹಲ್ಲಿಯನ್ನು ಎತ್ತುವ ಹಾಗೆ ಆ ಕೈಯನ್ನು ಎರಡೇ ಬೆರಳಲ್ಲಿ ಹಿಡಿದು, ಮಗಳ ಭುಜದಿಂದ ಎತ್ತಿ ಕೆಳಗೆ ಬಿಟ್ಟಳು. ಆಮೇಲೆ ಎಲ್ಲರೂ ನೋಡುತ್ತಿದ್ದಂತೆ ಆ ಎರಡು ಬೆರಳನ್ನು ಗೋಡೆಗೆ ಒರೆಸಿದಳು.