ಕುಂಡದ ತಾಯಿ

ತಂಗಿಗೆ ಕುಬ್ಜ ಕತ್ತಾಳೆಯ ಹುಚ್ಚು. ಬಾಲ್ಕನಿಯ ಕಟ್ಟೆಯುದ್ದಕ್ಕೂ ಅಂಗೈಯಗಲದ ಮಣ್ಣಿನ ಕುಂಡಗಳು. ಒಂದೊಂದರಲ್ಲೂ ಬಿಗಿಹಿಡಿದ ಮುಷ್ಟಿಯಂಥ ಗಿಡ, ಎಲೆತುದಿಗೆ ಸೂಜಿಮೊನೆ. ಅವಳ ಬಾಯಲ್ಲಿ ದೊಡ್ಡ ಗಿಡ ತಾಯಿ, ಬುಡದಲ್ಲೇಳುವ ಚಿಕ್ಕವು ಮರಿ. ಮರಿ ಬಿಡಿಸುವುದು, ಗಾಯ ಒಣಗಲು ನೆರಳಲ್ಲಿಡುವುದು, ಜಲ್ಲಿ ಬೆರೆಸಿದ ಮಣ್ಣಿಗೆ ಊರುವುದು, ಅವಳ ಲೋಕ ಇಷ್ಟೇ.

ಅಕ್ಕನಿಗೆ ಏಳು ತಿಂಗಳು. ರಕ್ತದೊತ್ತಡ ಏರಿದೆ, ಹಾಸಿಗೆ ಬಿಟ್ಟೇಳಬೇಡಿ ಎಂದಿದ್ದರು ಡಾಕ್ಟರಮ್ಮ. ಮಲಗಿ ಮಲಗಿ ಬೇಸತ್ತವಳು ಕಿಟಕಿಯಿಂದ ಕೈಚಾಚಿ, ಹತ್ತಿರದ ಕುಂಡಕ್ಕೆ ಲೋಟದಲ್ಲುಳಿದ ನೀರನ್ನೆಲ್ಲ ಹೊಯ್ಯುತ್ತಿದ್ದಳು. ಆ ಗಿಡಕ್ಕೆ ಮೂರು ಮರಿ. ಹೆತ್ತವಳಿಗೆ ಬಾಯಾರಿಕೆ ಹೆಚ್ಚು ಎಂಬುದು ಅವಳ ಲೆಕ್ಕ. ಪ್ರೀತಿಯೇ ಮುಳುವಾಯಿತು. ಒಂದು ಬೆಳಗ್ಗೆ ತಂಗಿ ಬುಡ ಒತ್ತಿ ನೋಡಿದರೆ ಕಳಿತ ಬಾಳೆಯಂತೆ ಮೆತ್ತಗೆ, ಹುಳಿ ವಾಸನೆ.

ಹಜಾರಕ್ಕೆ ಹೋಗಿ ನರ್ಸರಿಯ ಮುಳ್ಳಣ್ಣನಿಗೆ ಫೋನು ಹಚ್ಚಿದಳು. "ತಾಯಿ ಉಳಿಯಲ್ಲ ಅಂತೀರಾ? ಸರಿ, ಮರೀನಾದ್ರೂ ಉಳಿಸ್ಕೋಬೇಕು. ಇಲ್ಲಣ್ಣ, ಅಕ್ಕನಿಗೆ ಹೇಳಿಲ್ಲ. ಗೊತ್ತಾದ್ರೆ ಎದೆ ಒಡ್ಕೋತಾಳೆ."

ಗೋಡೆಗೆ ಕಿವಿಯಿತ್ತೋ ಇಲ್ಲವೋ, ಪರದೆಗಂತೂ ಇತ್ತು. ತಂಗಿ ಒಳಗೆ ಬಂದಾಗ ಅಕ್ಕ ಗೋಡೆಯತ್ತ ತಿರುಗಿ ಮಲಗಿದ್ದಳು.

"ಡಾಕ್ಟ್ರು ನಿನ್ ಹತ್ರ ಹೇಳಿದ್ರಾ? ನನಗೆ ಹೇಳಬಾರದಿತ್ತಾ?"

"ಏನನ್ನ?"

"ತಾಯಿ ಉಳಿಯಲ್ಲ ಅನ್ನೋದನ್ನ."

ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಆದಮೇಲೆ ತಂಗಿ ಬಿದ್ದು ಬಿದ್ದು ನಕ್ಕಳು. "ಅಯ್ಯೋ ದಡ್ಡಿ! ಗಿಡ ಕಣೇ, ಗಿಡ! ನೀನೇ ನೀರು ಕುಡಿಸಿ ಕುಡಿಸಿ ಕೊಳೆಸಿರೋ ಗಿಡ!"

ಅಕ್ಕನೂ ನಕ್ಕಳು, ತುಟಿಯಂಚಲ್ಲಿ. ಹೊಟ್ಟೆಯ ಮೇಲಿನ ಕೈ ಮಾತ್ರ ಕದಲಲಿಲ್ಲ.

"ಹಾಗಾದ್ರೆ ಅದನ್ನ ಮುಟ್ಬೇಡ. ನನ್ ಹೆರಿಗೆ ಆಗೋವರೆಗೂ ತಾಯಿ-ಮರಿ ಬೇರೆ ಮಾಡ್ಬೇಡ."

"ಕೊಳೆ ಮರಿಗಳಿಗೂ ಹತ್ತುತ್ತೆ ಕಣೇ."

"ಆಣೆ ಮಾಡು."

ಮಾಡಿದಳು. ಅಜ್ಜಿ ಹೇಳುತ್ತಿದ್ದ ಕತೆಗಳಲ್ಲಿ ರಾಕ್ಷಸನ ಜೀವ ಗಿಳಿಯಲ್ಲಿರುತ್ತಿತ್ತು. ಅಕ್ಕನ ಜೀವ ಹೋಗಿ ಕುಂಡದಲ್ಲಿ ಕೂತಿತು. ಎಚ್ಚರಾದೊಡನೆ ಕಿಟಕಿಗೆ ಕಣ್ಣು. ಗಿಡದ ಕೆಳಗಿನ ಎಲೆಗಳು ಒಂದೊಂದಾಗಿ ಮಲಗಿದವು. ಅಕ್ಕನ ಪಾದಗಳು ಊದಿ ಚಪ್ಪಲಿಗೆ ಹಿಡಿಸದಾದವು. ಹುಳಿ ವಾಸನೆ ಕೋಣೆಯೊಳಕ್ಕೂ ಬಂತು.

ಮರಿಯೊಂದರ ಬುಡ ಹಳದಿಗಟ್ಟಿದ ದಿನ ತಂಗಿಗೆ ತಡೆಯಲಾಗಲಿಲ್ಲ. ಮಧ್ಯಾಹ್ನ ಅಕ್ಕನಿಗೆ ಜೋಂಪು ಹತ್ತಿದಾಗ ಕುಂಡ ಬೋರಲು ಹಾಕಿದಳು. ತಾಯಿ ತಾನಾಗಿ ಕಳಚಿ ಕೈಗೆ ಬಂತು, ಒಳಗೆಲ್ಲ ಕಂದು ಲೋಳೆ. ಒಂದು ಮರಿಯ ಒಳಕ್ಕೂ ಕಂದು ಇಳಿದಿತ್ತು. ಉಳಿದೆರಡರ ಬೇರು ಬೆಳ್ಳಗೆ. ಬ್ಲೇಡು ಒರೆಸಿ, ಅವೆರಡನ್ನೂ ಕೊಯ್ದು ಕಾಗದದ ಮೇಲಿಟ್ಟಳು.

ತಲೆಯೆತ್ತಿದರೆ ಬಾಗಿಲಲ್ಲಿ ಅಕ್ಕ. ಬೈಗುಳಕ್ಕೆ ಕಾದಳು ತಂಗಿ.

"ಯಾರನ್ನ ಉಳಿಸ್ದೆ?"

"ಮರಿಗಳ್ನ."

"ಕೈ ನಡುಗ್ತಾ?"

"ಇಲ್ಲ."

ಅಕ್ಕ ಬಾಗಿಲ ಚೌಕಟ್ಟು ಹಿಡಿದು ಮೆಲ್ಲಗೆ ನೆಲಕ್ಕೆ ಕೂತಳು. ಹೊಟ್ಟೆಯ ನೀರೊಡೆದು ಅವಳ ನೈಟಿಯ ಅಂಚು ತೊಟ್ಟಿಕ್ಕುತ್ತಿತ್ತು.

"ಒಳ್ಳೇದಾಯ್ತು ಬಿಡು," ಎಂದಳು. "ಆಸ್ಪತ್ರೇಲಿ ನಿಮ್ಮ ಭಾವ ಅಳ್ತಾ ಕೂತ್ಬಿಡ್ತಾರೆ, ಅವರ ಕೈಲಾಗಲ್ಲ. ಯಾರನ್ನ ಅಂತ ಡಾಕ್ಟ್ರು ನಿನ್ನೇ ಕೇಳ್ತಾರೆ. ಆಗಲೂ ಇದನ್ನೇ ಹೇಳು."