ಕತ್ತಲೆ ಕೋಣೆಯ ಟ್ಯೂಬ್‌ಲೈಟ್

ಹೆಬ್ಬಾಳದ ಲ್ಯಾಬಿನ ಕತ್ತಲೆ ಕೋಣೆಯಲ್ಲಿ, ಮಂದ ಕೆಂಪು ದೀಪವೊಂದನ್ನೇ ಉರಿಸಿಕೊಂಡು ಕೋಮಲ ಪ್ರೋಟೀನಿನ ಹರಳುಗಳನ್ನು ಬೆಳೆಸುತ್ತಿದ್ದಳು. ಬೆಳಕು ತಾಗಿದ ಕ್ಷಣ ಆ ಪ್ರೋಟೀನು ಹೇಗೆ ಮೈ ಹೊರಳಿಸುತ್ತದೆಂದು ಜಪಾನಿನ ಎಕ್ಸ್-ರೇ ಯಂತ್ರದಲ್ಲಿ ಸೆರೆಹಿಡಿಯಬೇಕು. ಅಲ್ಲಿಯವರೆಗೆ ಬೆಳಕು ಸೋಕಬಾರದು. ಅವಳ ಸರದಿಗೆ ಇನ್ನು ಇಪ್ಪತ್ತೇ ದಿನ.

ಬಾಗಿಲು ತೆರೆದು ಯಾರೋ ಟ್ಯೂಬ್‌ಲೈಟ್ ಹಾಕಿದರು.

“ಗಂಡ ತೀರೋಗಿ ಮೂರ್ ತಿಂಗ್ಳಾಯ್ತು. ಇಂಗೆ ಕತ್ಲಲ್ಲಿ ಕೂತ್ಕೊಂಡು ಅಳ್ತಿದ್ರೆ ಎಂಗಮ್ಮಾ?” ಎಂದರು ಹೊಸ ಸೆಕ್ಯೂರಿಟಿ ಮುನಿಆಂಜಿನಪ್ಪ.

ಹರಳುಗಳೆಲ್ಲ ಕೆಟ್ಟವು. ಹೊಸವು ಬೆಳೆಯಲು ಹದಿನೆಂಟು ದಿನ ಬೇಕು.

ಕೋಮಲ ಸ್ಟೂಲ್ ಹತ್ತಿ, ಟ್ಯೂಬ್‌ಲೈಟ್ ಕಳಚಿ ಅವರ ಕೈಗಿತ್ತಳು.

“ನಾನು ಅಳೋಕೆ ಕೂತಿಲ್ಲ ಆಂಜಿನಪ್ಪಣ್ಣ, ಕೆಲಸಕ್ಕೆ ಕೂತಿದೀನಿ. ಇದು ನಿಮ್ಮ ಹತ್ರಾನೇ ಇರ್ಲಿ. ಜಪಾನಿಂದ ಬಂದ್ಮೇಲೆ ಇಸ್ಕೊಳ್ತೀನಿ.”

ಬಾಗಿಲು ಹಾಕಿಕೊಂಡು, ಆಗಲೇ ಹೊಸ ಹರಳಿಗೆ ದ್ರಾವಣ ಬೆರೆಸತೊಡಗಿದಳು.